10 ದೊಡ್ಡದಾ, 2 ದೊಡ್ಡದಾ? (ಊರು-ಅಕ್ಷರ ಸರಣಿ, ಕಂತು 6)

ಸ್ವೈಪ್ ಮಾಡೋ ಮುಂಚೆ ಮೊದಲ ಫೋಟೋ ಸರಿಯಾಗಿ ನೋಡಿ ಮಾರಾಯ್ರೆ. ನಮ್ಮ ಎನ್‌ಎಸ್‌ಎಸ್ ಕ್ಯಾಂಪಿನ ಸರ್ಟಿಫಿಕೇಟ್. ‘ಕಾರ್ಕಳ’ ಅಂತ ಇರ್ಬೇಕಾದ ಜಾಗದಲ್ಲಿ ಏನಿದೆ? ಕ, ದೀರ್ಘ, ರ, ಅದರ ಪಕ್ಕ ಒಂದು ಒಂಟಿ ವಿರಾಮ ಚಿಹ್ನೆ, ಮತ್ತೆ ಕ, ಳ. ಎಲ್ಲ ಬಿಡಿಬಿಡಿ. ‘ಉಡುಪಿ’, ‘ಕಾಪು’ ಕೂಡ ಸ್ವಲ್ಪ ಕೆಟ್ಟಿತ್ತು, ಆದ್ರೆ ಓದ್ಬಹುದಿತ್ತು. ಕಾರ್ಕಳದ ಒಬ್ಬ ಜೂನಿಯರ್ ಅದನ್ನ ಕೈಯಲ್ಲಿ ಹಿಡ್ಕೊಂಡು, “ನನ್ನ ಊರನ್ನ ಮುರಿದು ಹಾಕಿದ್ರಾ?” ಅಂದ. ಅವನಿಗೆ ಸಿಕ್ಕಿದ ಮೊದಲ ಸರ್ಟಿಫಿಕೇಟ್ ಅದು. ಪ್ರಿಂಟ್ ಮಾಡುವ ಪ್ರೋಗ್ರಾಂ ಬರೆದದ್ದು ನಾನು. ಪ್ರಿಂಟಿಗೆ ಮೊದಲು ಟೆಸ್ಟ್ ಓಡಿಸಿದ್ದೆ, ಪರದೆ ಮೇಲೆ ಎಲ್ಲ ಹಸಿರೇ ಇತ್ತು. ಮತ್ತೆ ಹೇಗೆ ತಪ್ಪಾಯ್ತು? ಅದರ ಹಿಸ್ಟರಿ ಇದು.

ಮೊದಲು ಅಕ್ಷರದ ಕಥೆ. ‘ಕಾರ್ಕಳ’ ಹೇಳುವಾಗ ರ ಮೊದಲು, ಕ ಆಮೇಲೆ. ಬರೆಯುವಾಗ ಅರ್ಕಾವತ್ತು ಕ ಆದ ಮೇಲೆ ಬರ್ತದೆ. ಕಂಪ್ಯೂಟರ್ ಯಾವ ಕ್ರಮ ಇಟ್ಕೊಳ್ಬೇಕು? ಮಣಿಪಾಲದಲ್ಲಿ ಪಾಠ ಮಾಡಿದ್ದ ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ಉತ್ತರ ಉಂಟು: ಬಾಯಲ್ಲಿ ಹೇಳುವ ಕ್ರಮವೇ ಬೆರಳಿನ ಕ್ರಮ, ಒತ್ತು ಬೇಕಾದಲ್ಲಿ ನಡುವೆ ‘ಎಫ್’ ಕೀ. ಇವತ್ತು ‘ನುಡಿ’ಯಲ್ಲಿ ಆ ಕೀಲಿಮಣೆ ಬಳಸಿ ಟೈಪ್ ಮಾಡುವವರೂ ಹೀಗೇ ಮಾಡೋದು. 1991ರಲ್ಲಿ ಬಂದ ಯೂನಿಕೋಡ್ ಕೂಡ ಕನ್ನಡವನ್ನ ಉಚ್ಚಾರಣೆಯ ಕ್ರಮದಲ್ಲೇ ಇಟ್ಕೊಂಡಿತು. ಅಂದ್ರೆ ಆ ಕ್ರಮವನ್ನ ಕಣ್ಣಿಗೆ ಬೇಕಾದ ಆಕಾರಕ್ಕೆ ತಿರುಗಿಸಲು ಇನ್ನೊಬ್ಬರು ಬೇಕು. ಆ ಕೆಲಸ ಮಾಡುವ ಲೈಬ್ರರಿಗಳಲ್ಲಿ ಒಂದು ಹಾರ್ಫ್‌ಬಝ್. ಬೆಹ್ದಾದ್ ಎಸ್ಫಹ್ಬೊದ್ ಕಟ್ಟಿದ್ದು, ಹೆಸರು ಪರ್ಷಿಯನ್ ಭಾಷೆಯದ್ದು. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆಆಫೀಸ್‌ನಲ್ಲಿ ಅದೇ ಇರೋದು.

ಈಗ ನನ್ನ ತಪ್ಪು. ನನ್ನ ಟೆಸ್ಟ್ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು: ಹಾರ್ಫ್‌ಬಝ್ 2.0.0ಕ್ಕಿಂತ ಹಳೆಯದಾದ್ರೆ ಕನ್ನಡದ ಟೆಸ್ಟ್ ಬಿಟ್ಟುಬಿಡು. ಹೋಲಿಕೆಗೆ ‘ಎಕ್ಸ್‌ಪಿಆರ್’ ಅನ್ನುವ ಹಳೇ ಯೂನಿಕ್ಸ್ ಕಮಾಂಡ್. ಆದ್ರೆ ಅದಕ್ಕೆ 10.2.0 ಅನ್ನೋದು ಸಂಖ್ಯೆಯೇ ಅಲ್ಲ, ಬರೀ ಅಕ್ಷರಗಳ ಸಾಲು. ಡಿಕ್ಷನರಿಯಲ್ಲಿ ಹುಡುಕಿದ ಹಾಗೆ ಮೊದಲ ಅಕ್ಷರ ನೋಡ್ತದೆ. 1 ಮೊದಲು, 2 ಆಮೇಲೆ. ಹಾಗಾಗಿ 10 ಹಳೆಯದು! ಎಕ್ಸೆಲ್‌ನಲ್ಲಿ ‘ಬಿಲ್ 10’ ಬಂದು ‘ಬಿಲ್ 2’ಕ್ಕಿಂತ ಮೇಲೆ ಕೂತದ್ದು ನೋಡಿಲ್ವಾ, ಅದೇ ಕಥೆ.

ತಮಾಷೆ ಏನಂದ್ರೆ 2.0 ಬಂದದ್ದು 2018ರಲ್ಲಿ, 10 ಬಂದದ್ದು 2024ರಲ್ಲಿ. ನಡುವಿನ ಆರು ವರ್ಷ ಈ ತಪ್ಪು ಲೆಕ್ಕ ಸರಿ ಉತ್ತರವನ್ನೇ ಕೊಡ್ತಿತ್ತು, ಯಾಕಂದ್ರೆ 2ರಿಂದ 9ರವರೆಗೆ ಒಂದೇ ಅಂಕಿ. ಬಿಕಾಂನವರಿಗೆ ಇದು ಬೇಗ ಗೊತ್ತಾಗ್ತದೆ: ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿದ್ರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ತದೆ. ನಾನು ಪಿಡಿಎಫ್ ಮಾಡುವ ಭಾಗವನ್ನ ಬದಲಿಸಿದ ವಾರವೇ ಹೊಸ ಲ್ಯಾಪ್‌ಟಾಪ್ ಬಂತು. ಹೊಸ ಪಿಡಿಎಫ್ ಭಾಗ ಅಕ್ಷರ ಜೋಡಿಸ್ತಿರ್ಲಿಲ್ಲ. ಅದನ್ನ ಹಿಡೀಬೇಕಾದ ಟೆಸ್ಟ್ ಓಡಲೇ ಇಲ್ಲ. ‘ಸ್ಕಿಪ್’ ಅಂತ ಬಂದ ಸಾಲನ್ನೂ ನಾನು ಹಸಿರಲ್ಲೇ ತೋರಿಸಿದ್ದೆ.

ಸರಿ ಮಾಡಲು ಹೋದ್ರೆ ಇನ್ನೊಂದು ಗುಂಡಿ. ‘>’ ಚಿಹ್ನೆ ಹಾಕಿ ನೋಡಿದೆ. ಶೆಲ್‌ನಲ್ಲಿ ಅದರ ಅರ್ಥ ‘ದೊಡ್ಡದು’ ಅಲ್ಲ, ‘ಈ ಫೈಲಿಗೆ ಬರೆ’. ಫೋಲ್ಡರ್‌ನಲ್ಲಿ 2.0.0 ಅನ್ನೋ ಖಾಲಿ ಫೈಲ್ ಹುಟ್ಟಿತು, ಟೆಸ್ಟ್ ಪಾಸ್! (ನಗ್ಬೇಡಿ.) ಡಬಲ್ ಬ್ರಾಕೆಟ್ ಹಾಕಿದ್ರೆ ಅದೂ ಡಿಕ್ಷನರಿ ಹೋಲಿಕೆಯೇ, ಮೇಲಾಗಿ ಅದು ಬ್ಯಾಷ್‌ನ ಮಾತು. ಉಬುಂಟು 2006ರಲ್ಲೇ ತನ್ನ ‘ಎಸ್‌ಎಚ್’ ಜಾಗಕ್ಕೆ ಡ್ಯಾಷ್ ತಂದು ಕೂರಿಸಿದೆ, ಅದಕ್ಕೆ ಈ ಮಾತು ಬರಲ್ಲ. ‘ಸಾರ್ಟ್ -ವಿ’ ನನ್ನಲ್ಲಿ ಚಂದ ನಡೀತು, ಮಣಿಪಾಲದ ಗೆಳತಿಯ ಹಳೇ ಮ್ಯಾಕ್‌ನಲ್ಲಿ ಆ ಆಯ್ಕೆಯೇ ಇಲ್ಲ.

ಇದೇ ತಲೆನೋವು ಹಿಂದಿನವರಿಗೂ ಇತ್ತು. 1990ರ ದಶಕದಲ್ಲಿ ಜಿಟಿಕೆಯಂಥ ಲೈಬ್ರರಿಗಳು ವರ್ಷನ್ ಹೇಳಲು ತಮ್ಮದೇ ಒಂದೊಂದು ಸ್ಕ್ರಿಪ್ಟ್ ಇಟ್ಕೊಂಡಿದ್ವು. 2000ದ ಹೊತ್ತಿಗೆ ಗ್ನೋಮ್ ಬಳಗದಿಂದ ‘ಪಿಕೆಜಿ-ಕಾನ್ಫಿಗ್’ ಬಂತು. ಕನಿಷ್ಠ ಈ ವರ್ಷನ್ ಉಂಟಾ ಅಂತ ಕೇಳಿದ್ರೆ ಹೌದು ಅಥವಾ ಇಲ್ಲ. ಹೋಲಿಕೆ ಅದರದ್ದೇ, ಚುಕ್ಕಿ ಚುಕ್ಕಿ ಬಿಡಿಸಿ ಅಂಕಿಗಳನ್ನ ಅಂಕಿಗಳಾಗಿಯೇ ನೋಡ್ತದೆ. ಅದು ಇಲ್ಲದ ಕಡೆ ನಾವೇ ಚುಕ್ಕಿಯಲ್ಲಿ ಒಡೆದು ಒಂದೊಂದೇ ಭಾಗವನ್ನ ‘-ಎಲ್‌ಟಿ’ಯಿಂದ ಹೋಲಿಸ್ಬೇಕು. ಎಂಟು ಸಾಲು, ಬ್ಯಾಷ್‌ನಲ್ಲೂ ಡ್ಯಾಷ್‌ನಲ್ಲೂ ನಡೀತದೆ. ಒಂದು ಎಚ್ಚರ: ಪಿಕೆಜಿ-ಕಾನ್ಫಿಗ್ ಹೇಳೋದು ಡಿಸ್ಕ್‌ನಲ್ಲಿ ದಾಖಲಾದ ವರ್ಷನ್. ಪ್ರೋಗ್ರಾಂ ನಿಜವಾಗಿ ತೆರೆಯುವ ಲೈಬ್ರರಿ ಬೇರೆ ಇರ್ಬಹುದು.

ಈಗ ಎರಡೂ ಇಟ್ಟಿದ್ದೇನೆ. ಸ್ಕಿಪ್ ಆದ್ರೆ ಕೆಂಪು, ಪ್ರಿಂಟ್ ಬಟನ್ ಬಂದ್. ಹೋಲಿಕೆಯನ್ನೂ ಟೆಸ್ಟ್ ಮಾಡ್ತೇನೆ: 9.0.0 ಮತ್ತು 10.0.0, 2.9 ಮತ್ತು 2.10. ಕೊನೆಯ ಫೋಟೋದಲ್ಲಿ ಜೂನಿಯರ್‌ನ ಹೊಸ ಸರ್ಟಿಫಿಕೇಟ್ ಉಂಟು, ಹೆಸರು ಮುಚ್ಚಿದ್ದೇನೆ, ಊರು ಮುಚ್ಚಿಲ್ಲ. ಟೆಸ್ಟ್ ಪಟ್ಟಿಯಲ್ಲಿ ಸದ್ಯಕ್ಕೆ ಕಾರ್ಕಳ, ಶಿರ್ವ, ಪೆರ್ಡೂರು, ಹಿರ್ಗಾನ. ನಿಮ್ಮ ಊರಿನ ಹೆಸರಲ್ಲಿ ಅರ್ಕಾವತ್ತು ಇದ್ರೆ ಕಳಿಸಿ, ಸೇರಿಸ್ತೇನೆ.