ಹಳೆಯ ಡೀಸೆಲ್ ಮೋಟರ್‌ಹೋಮ್: ಆರೈಕೆ ಮತ್ತು ದೋಷಪತ್ತೆ

ವ್ಯಾನಿನ ಅಥವಾ ಲಘು ಟ್ರಕ್ಕಿನ ಚಾಸಿಯ ಮೇಲೆ ಹಾಸಿಗೆ, ಒಲೆ, ನೀರಿನ ಟ್ಯಾಂಕು, ಶೌಚಾಲಯಗಳನ್ನು ಅಳವಡಿಸಿ ಕಟ್ಟಿದ ಸಂಚಾರಿ ಮನೆಯೇ ಮೋಟರ್‌ಹೋಮ್. ಬಹ್ರೇನ್ ದ್ವೀಪದ ಉದ್ದ ಸುಮಾರು 50 ಕಿ.ಮೀ. ಮಾತ್ರ. ಆದ್ದರಿಂದ ಸನದ್‌ನಂತಹ ವಸತಿ ಪ್ರದೇಶದಲ್ಲಿ ಇಂತಹ ವಾಹನ ವರ್ಷದ ಬಹುಭಾಗ ನಿಂತೇ ಇರುತ್ತದೆ. ಚಳಿಗಾಲ ಬಂದಾಗ ಸಖೀರ್ ಮರುಭೂಮಿಯ ಬಿಡಾರಗಳಿಗೋ, 1986ರಲ್ಲಿ ತೆರೆದ 25 ಕಿ.ಮೀ. ಉದ್ದದ ಕಿಂಗ್ ಫಹದ್ ಸೇತುವೆಯನ್ನು ದಾಟಿ ಸೌದಿ ಅರೇಬಿಯದ ನೀಳ ಹೆದ್ದಾರಿಗಳಿಗೋ ಒಮ್ಮೆಲೇ ಹೊರಡುತ್ತದೆ. ತಿಂಗಳುಗಟ್ಟಲೆ ನಿಲುಗಡೆ, ಬಳಿಕ ಏಕಾಏಕಿ ದುಡಿಮೆ: ಹಳೆಯ ವಾಹನದ ಬಹುತೇಕ ದೋಷಗಳ ಮೂಲ ಈ ಜೀವನಕ್ರಮವೇ. ಮಕ್ಕಳು ಮರಿಗಳೊಡನೆ ನಿರ್ಜನ ಹೆದ್ದಾರಿಯಲ್ಲಿ ಕೆಟ್ಟು ನಿಲ್ಲುವುದು ಕೊಲ್ಲಿಯ ಬಿಸಿಲಿನಲ್ಲಿ ಪ್ರಾಣಕ್ಕೇ ಎರವಾಗಬಹುದಾದ್ದರಿಂದ ಈ ವಿಷಯವನ್ನು ಕ್ರಮವಾಗಿ ತಿಳಿದಿರುವುದು ಒಳ್ಳೆಯದು.

ಎಂಜಿನ್ನಿನ ಸ್ವರೂಪ

ಹಳೆಯ ಯೂರೋಪಿಯನ್ ಮೋಟರ್‌ಹೋಮ್‌ಗಳಲ್ಲಿ ಹಲವು ಮರ್ಸಿಡಿಸ್ ಟಿ1 ಅಥವಾ ಫಿಯೆಟ್ ಡುಕಾಟೊ ಚಾಸಿಯ ಮೇಲೆ ನಿಂತಿವೆ. ಇವುಗಳಲ್ಲಿ ಮೊದಲನೆಯದು ಕನ್ನಡಿಗರಿಗೆ ಅಪರಿಚಿತವಲ್ಲ. ಪುಣೆಯ ಬಜಾಜ್ ಟೆಂಪೊ ಸಂಸ್ಥೆಯ ಟೆಂಪೊ ಟ್ರಾವೆಲರ್ ಇದೇ ಟಿ1 ವಿನ್ಯಾಸದಿಂದ ಬಂದದ್ದು. ಮರ್ಸಿಡಿಸ್‌ನ ಓಎಂ616 ಎಂಜಿನ್ನನ್ನೂ ಆ ಸಂಸ್ಥೆ ಪರವಾನಗಿ ಪಡೆದು ತಯಾರಿಸಿತು.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಇಪ್ಪತ್ತನೆಯ ಒಂದು ಪಾಲಿಗೆ ಅದುಮಿದಾಗ ಹುಟ್ಟುವ ಶಾಖಕ್ಕೆ ಇಂಧನ ತಾನಾಗಿ ಹೊತ್ತಿಕೊಳ್ಳುತ್ತದೆ. ಹಳೆಯ ಮಾದರಿಗಳಲ್ಲಿ ಇಂಧನದ ಪಂಪು ಪೂರ್ಣ ಯಾಂತ್ರಿಕ, ಕಂಪ್ಯೂಟರ್ ಇಲ್ಲ. ಶುದ್ಧ ಇಂಧನ, ಸಾಕಷ್ಟು ಗಾಳಿ, ಒಳ್ಳೆಯ ಅದುಮು, ಈ ಮೂರಿದ್ದರೆ ಎಂಜಿನ್ ಓಡಲೇಬೇಕು. ಓಡದಿದ್ದರೆ ಇವುಗಳಲ್ಲಿ ಯಾವುದು ತಪ್ಪಿದೆ ಎಂದು ಹುಡುಕುವುದೇ ದೋಷಪತ್ತೆ.

ಇಂಧನ

ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಕೊಲ್ಲಿಯ ತೇವದ ಗಾಳಿ ರಾತ್ರಿ ತಂಪಾಗಿ ನೀರಾಗುತ್ತದೆ. ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ. ನೀರೂ ಡೀಸೆಲ್ಲೂ ಕೂಡುವ ಆ ಗೆರೆಯಲ್ಲಿ ಹಾರ್ಮೊಕೋನಿಸ್ ರೆಸಿನೇ ಎಂಬ ಶಿಲೀಂಧ್ರವೂ ಕೆಲವು ಬ್ಯಾಕ್ಟೀರಿಯಾಗಳೂ ಬೆಳೆದು, ಕಪ್ಪು ಲೋಳೆಯಾಗಿ ಫಿಲ್ಟರನ್ನು ಮುಚ್ಚುತ್ತವೆ. ವಾಹನ ಸಮತಟ್ಟಿನಲ್ಲಿ ಚೆನ್ನಾಗಿ ಓಡಿ, ಏರಿನಲ್ಲಿ ಅಥವಾ ವೇಗ ಹೆಚ್ಚಿಸಿದಾಗ ಉಸಿರುಗಟ್ಟಿದಂತೆ ಸೊರಗಿದರೆ ಮೊದಲು ಸಂಶಯಿಸಬೇಕಾದದ್ದು ಈ ಫಿಲ್ಟರನ್ನು. ನಿಲ್ಲಿಸುವ ಮುನ್ನ ಟ್ಯಾಂಕನ್ನು ತುಂಬಿಸುವುದು, ಫಿಲ್ಟರಿನ ತಳದ ತಿರುಪಿನಿಂದ ಆಗಾಗ್ಗೆ ನೀರನ್ನು ಹೊರಬಿಡುವುದು, ಪ್ರಯಾಣದಲ್ಲಿ ಒಂದು ಹೊಸ ಫಿಲ್ಟರ್ ಜೊತೆಗಿಡುವುದು ರಕ್ಷಣೆಯ ಮಾರ್ಗಗಳು.

ಫಿಲ್ಟರ್ ಬದಲಿಸಿದ ಮೇಲೆ ಎಂಜಿನ್ ಚಾಲೂ ಆಗದಿದ್ದರೆ ಅದು ಸಾಮಾನ್ಯವಾಗಿ ಏರ್ ಲಾಕ್. ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪನ್ನು ಒತ್ತಿ, ತಿರುಪನ್ನು ಬಿಗಿಯಬೇಕು. ರಾತ್ರಿ ನಿಂತ ಬಳಿಕ ಬೆಳಿಗ್ಗೆ ಮಾತ್ರ ಈ ತೊಂದರೆ ಮರುಕಳಿಸಿದರೆ, ಹಳೆಯ ರಬ್ಬರ್ ಕೊಳವೆಯಲ್ಲೋ ಸೀಲಿನಲ್ಲೋ ಗಾಳಿ ಒಳಸೇರುತ್ತಿದೆ ಎಂದರ್ಥ. ಡೀಸೆಲ್ ಹೊರಗೆ ಸೋರದಿದ್ದರೂ ಗಾಳಿ ಒಳಬರಬಲ್ಲದು.

ಇಲ್ಲೊಂದು ಎಚ್ಚರಿಕೆ. ಇಂಜೆಕ್ಟರಿನ ಕೊಳವೆಯಲ್ಲಿ ಒತ್ತಡ 100 ಬಾರ್ ದಾಟಿರುತ್ತದೆ. ಎಂಜಿನ್ ಓಡುತ್ತಿರುವಾಗ ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಈ ಚಿಮ್ಮುಗೆ ಚರ್ಮವನ್ನು ತೂರಿ ಒಳಹೊಕ್ಕರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ನೋವೂ ಮೊದಲು ಅಲ್ಪ. ಆದರೆ ಒಳಗೆ ಡೀಸೆಲ್ ಸ್ನಾಯುರಜ್ಜುಗಳ ಗುಂಟ ಹರಡಿ ಊತಕಗಳನ್ನು ನಾಶಮಾಡುತ್ತದೆ. ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಆದ್ದರಿಂದ ಗಾಯ ಎಷ್ಟೇ ಚಿಕ್ಕದಿರಲಿ, ತಡಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ ಕಾರಣವನ್ನು ಸ್ಪಷ್ಟವಾಗಿ ಹೇಳಬೇಕು.

ಹೊಗೆಯ ಬಣ್ಣ

ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು, ಗಾಳಿ ಕಡಿಮೆ. ಮರಳುಗಾಳಿಯ ನಂತರವಾದರೆ ಏರ್ ಫಿಲ್ಟರನ್ನು ಮೊದಲು ತೆಗೆದು ನೋಡಬೇಕು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ರಿಂಗು ಅಥವಾ ವಾಲ್ವ್ ಸೀಲುಗಳ ಸವೆತವನ್ನು ಸೂಚಿಸುತ್ತದೆ. ಬಿಳಿ ಹೊಗೆಗೆ ಎರಡು ಅರ್ಥಗಳಿವೆ. ಚಾಲೂ ಮಾಡಿದ ಕೂಡಲೇ ಬಂದು, ಕಣ್ಣು ಉರಿಸಿ, ಎಂಜಿನ್ ಬಿಸಿಯಾದಂತೆ ಮಾಯವಾದರೆ ಅದು ಉರಿಯದ ಡೀಸೆಲ್. ಗ್ಲೋ ಪ್ಲಗ್‌ಗಳನ್ನು ಪರೀಕ್ಷಿಸಬೇಕು. ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆಯಿದ್ದು, ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಆಗ ಪ್ರಯಾಣ ಮುಂದುವರಿಸಬಾರದು.

ತಂಪು ವ್ಯವಸ್ಥೆ

ಹಿಮ ಬೀಳದ ನಾಡಿನಲ್ಲಿ ಕೂಲಂಟ್ ಏಕೆ, ನೀರು ಸಾಲದೇ ಎಂಬ ಪ್ರಶ್ನೆ ಸಹಜ. ಕೂಲಂಟ್ ಕುದಿಯುವ ಬಿಂದುವನ್ನು ಏರಿಸುತ್ತದೆ, ಒಳಗಿನ ಲೋಹವನ್ನು ತುಕ್ಕಿನಿಂದ ಕಾಯುತ್ತದೆ. ತಯಾರಕರು ಹೇಳಿದ ಬಗೆಯದನ್ನು ಡಿಸ್ಟಿಲ್ಡ್ ವಾಟರ್‌ನೊಡನೆ ಸಾಮಾನ್ಯವಾಗಿ ಅರ್ಧಕ್ಕರ್ಧ ಬೆರೆಸಬೇಕು. ಇದರಲ್ಲಿನ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ರೇಡಿಯೇಟರಿನ ರೆಕ್ಕೆಗಳ ನಡುವೆ ಸೇರಿದ ಮರಳನ್ನು ಎಂಜಿನ್ ಬದಿಯಿಂದ ಹೊರಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯಬೇಕು.

ಬಿಸಿಯ ಮುಳ್ಳು ಏರತೊಡಗಿದರೆ ಏಸಿಯನ್ನು ಆರಿಸಿ, ಹೀಟರನ್ನು ಪೂರ್ಣ ತೆರೆದು, ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಲೇಬಾರದು. ಚಿಮ್ಮುವ ನೀರು ಮುಖ, ಕಣ್ಣುಗಳನ್ನು ಸುಡುತ್ತದೆ. ನಿಂತ ವಾಹನದೊಳಗೆ ಯಾರಿಗಾದರೂ ಮೈ ಸುಡುತ್ತಿದ್ದು ಮಾತು ತೊದಲಿದರೆ, ಗೊಂದಲ ಕಂಡರೆ ಅದನ್ನು ಉಷ್ಣಾಘಾತವೆಂದೇ ಭಾವಿಸಿ, ನೆರಳಿಗೆ ಒಯ್ದು, ಮೈಯೆಲ್ಲ ನೀರು ಸುರಿದು ಗಾಳಿ ಬೀಸುತ್ತ ಸಹಾಯಕ್ಕೆ ಕರೆ ಮಾಡಬೇಕು. ಕುಡಿಯುವ ನೀರನ್ನು ರೇಡಿಯೇಟರಿಗೆ ಸುರಿದು ಬರಿದು ಮಾಡಬಾರದು.

ಬ್ಯಾಟರಿ, ಬೆಲ್ಟ್, ಟೈರು, ಬ್ರೇಕು

ಕೆಲವು ಗಂಟೆ ವಿಶ್ರಮಿಸಿದ ಲೆಡ್ ಆಸಿಡ್ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ಣ, 12.2 ಇದ್ದರೆ ಸುಮಾರು ಅರ್ಧ. ಎಂಜಿನ್ ಓಡುವಾಗ 13.8ರಿಂದ 14.4 ಬರದಿದ್ದರೆ ಆಲ್ಟರ್ನೇಟರನ್ನೋ ಅದರ ಬೆಲ್ಟನ್ನೋ ನೋಡಬೇಕು. ತೂಬ್ಲಿ ಕೊಲ್ಲಿಯ ಕಾಂಡ್ಲಾ ವನದ ಅಂಚಿನಲ್ಲಿರುವ ಸನದ್‌ನಲ್ಲಿ ಗಾಳಿ ಉಪ್ಪಿನದು. ಕರಾವಳಿಯವರಿಗೆ ಅದರ ಗುಣ ಹೇಳಬೇಕಿಲ್ಲ. ವಿದ್ಯುತ್ ದೋಷಗಳಲ್ಲಿ ಅನೇಕವು ತುಕ್ಕು ಹಿಡಿದ ಅರ್ಥ್ ಜೋಡಣೆಯಲ್ಲೇ ಅಡಗಿರುತ್ತವೆ. ಅದನ್ನು ಉಜ್ಜಿ ಬಿಗಿದ ಬಳಿಕವೇ ಹೊಸ ಭಾಗಗಳಿಗೆ ಹಣ ವ್ಯಯಿಸುವುದು ಯುಕ್ತ.

ಹಳೆಯ ಡುಕಾಟೊದಲ್ಲಿರುವ ರಬ್ಬರಿನ ಟೈಮಿಂಗ್ ಬೆಲ್ಟನ್ನು ಓಡಿದ ದೂರ ಕಡಿಮೆಯಿದ್ದರೂ ವಯಸ್ಸನ್ನು ನೋಡಿ ಬದಲಿಸಬೇಕು; ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳಾದೀತು. ಟೈರಿನ ಬದಿಯಲ್ಲಿ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುತ್ತವೆ: 3219 ಎಂದರೆ 2019ರ 32ನೆಯ ವಾರ. ಮೋಟರ್‌ಹೋಮಿನ ಟೈರು ಸವೆಯುವ ಮೊದಲೇ ಬಿಸಿಲಿಗೆ ಮುಪ್ಪಾಗುತ್ತದೆ. ಗೀರುಗಳು ಚೆನ್ನಾಗಿಯೇ ಇದ್ದರೂ ಐದಾರು ವರ್ಷ ದಾಟಿದ್ದನ್ನು ನಂಬಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ವಾಸದ ಭಾಗ

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಆದ್ದರಿಂದ ನೆಲದ ಬಳಿಯ ಗಾಳಿಕಿಂಡಿಗಳನ್ನು ಮುಚ್ಚಬಾರದು. ಕೊಳವೆಯ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಅಪೂರ್ಣ ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಯ ರಾತ್ರಿ ಕೆಂಡದ ಒಲೆಯನ್ನು ಒಳಗಿಡುವುದು, ಜನರೇಟರನ್ನು ಕಿಟಕಿಯ ಬಳಿ ಓಡಿಸುವುದು ಮಾರಕ. ಒಳಗಿರುವ ಒಬ್ಬರಿಗಿಂತ ಹೆಚ್ಚು ಜನರಿಗೆ ಏಕಕಾಲದಲ್ಲಿ ತಲೆನೋವು, ಓಕರಿಕೆ ಬಂದರೆ ಕೂಡಲೇ ಎಲ್ಲರೂ ಹೊರಬಂದು ವೈದ್ಯರನ್ನು ಕಾಣಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷದಲ್ಲಿ ಸಹಜ ಅಂಕಿಯನ್ನೇ ತೋರಿಸಬಹುದು. ಅದನ್ನು ನಂಬಿ ಸುಮ್ಮನಿರಬಾರದು. ಬ್ಯಾಟರಿಯಿಂದ ನಡೆಯುವ ಮಾನಾಕ್ಸೈಡ್ ಸೂಚಕವೊಂದು ಮಲಗುವ ಜಾಗದಲ್ಲಿ ಇರಲೇಬೇಕು.

ಟ್ಯಾಂಕಿನಲ್ಲಿ ಬೆಚ್ಚಗೆ ನಿಂತ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಷವರಿನ ತುಂತುರಿನೊಡನೆ ಉಸಿರಿಗೆ ಸೇರಿ, ವಿಶೇಷತಃ ವಯಸ್ಸಾದವರಲ್ಲಿ, ನ್ಯುಮೋನಿಯಾ ಉಂಟುಮಾಡಬಲ್ಲದು. ಊರಿನಿಂದ ಬಂದ ತಂದೆತಾಯಿಯರನ್ನು ಕರೆದೊಯ್ಯುವವರು ಇದನ್ನು ಮರೆಯಬಾರದು. ಹೊರಡುವ ಮುನ್ನ ಪ್ರತಿ 50 ಲೀಟರ್ ನೀರಿಗೆ ಶೇ. 5ರ ಸುಗಂಧರಹಿತ ಬ್ಲೀಚ್ ಸುಮಾರು 50 ಮಿ.ಲೀ. ಬೆರೆಸಿ, ಪ್ರತಿ ನಲ್ಲಿಯಲ್ಲೂ ಹರಿಸಿ, ಕೆಲವು ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯಬೇಕು.

ನಿಲುಗಡೆಯ ಕಾಲದ ಆರೈಕೆ

ತಿಂಗಳಿಗೊಮ್ಮೆ ಎಂಜಿನ್ನನ್ನು ನಿಂತಲ್ಲೇ ಹತ್ತು ನಿಮಿಷ ಓಡಿಸುವುದರಿಂದ ಲಾಭ ಅಲ್ಪ. ಆಯಿಲ್ ಪೂರ್ಣ ಬಿಸಿಯಾಗದೆ ತೇವ ಒಳಗೇ ಉಳಿಯುತ್ತದೆ. ಅದರ ಬದಲು ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿದರೆ ಎಂಜಿನ್, ಬ್ರೇಕು, ಟೈರು, ಬ್ಯಾಟರಿ ಎಲ್ಲಕ್ಕೂ ವ್ಯಾಯಾಮ. ಪ್ರತಿ ದುರಸ್ತಿಯನ್ನೂ ದಿನಾಂಕ, ಓಡಿದ ದೂರಗಳೊಡನೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ದಾರಿಯಲ್ಲಿ ಸಿಗುವ ಅಪರಿಚಿತ ಮೆಕ್ಯಾನಿಕ್‌ಗೆ, ರೋಗಿಯ ಹಳೆಯ ಕಡತ ಹೊಸ ವೈದ್ಯನಿಗೆ ನೆರವಾಗುವಂತೆಯೇ, ಆ ಪುಸ್ತಕವೇ ಮೊದಲ ನೆರವು.