ಶನಿವಾರದ ಘಟ್ಟ

ಬೆಳಗಾವಿಯಲ್ಲಿ ಶನಿವಾರ ಖೂಟ ಅಂತ ಒಂದು ಕಡೆ ಇದೆ, ರವಿವಾರ ಪೇಟೆ ಅಂತ ಇನ್ನೊಂದು. ಎರಡೂ ವ್ಯಾಪಾರದ ಜಾಗಗಳು. ಊರಿನ ಹೆಸರುಗಳಲ್ಲಿ ಉಳಿದಿರುವ ಈ ಶನಿವಾರ, ರವಿವಾರಗಳು ದುಡಿಮೆಯ ದಿನಗಳು. ಈಗ ಅದೇ ಎರಡು ದಿನ ಊರು ಪಶ್ಚಿಮಕ್ಕೆ ಮುಖ ಮಾಡುತ್ತದೆ. ಶನಿವಾರ ಬೆಳಗಿನ ಜಾವದಿಂದ ಕಾರುಗಳು, ಬೈಕುಗಳು, ಟೆಂಪೊಗಳು ಗೋವಾದ ಕಡೆ ಹೊರಡುತ್ತವೆ. ರವಿವಾರ ಸಂಜೆ ಅಷ್ಟೂ ಒಟ್ಟಿಗೆ ಘಟ್ಟ ಹತ್ತುತ್ತವೆ. ಬೆಳಗಾವಿಯವರಷ್ಟೇ ಅಲ್ಲ, ಹುಬ್ಬಳ್ಳಿ, ಬಾಗಲಕೋಟೆ, ವಿಜಯಪುರದವರೂ ಇದರಲ್ಲಿರುತ್ತಾರೆ.

ಇಳಿಯಲು ಮುಖ್ಯವಾಗಿ ಎರಡು ದಾರಿ. ಒಂದು ಖಾನಾಪುರ, ಲೋಂಡಾ, ರಾಮನಗರ ದಾಟಿ ಅನಮೋಡ ಘಟ್ಟದಿಂದ ಮೋಲೆಂಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 748. ಹಿಂದೆ ಇದಕ್ಕೆ 4ಎ ಎನ್ನುತ್ತಿದ್ದರು. ಇನ್ನೊಂದು ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಟ್ಟದ ದಾರಿ. ಮನೆಯಲ್ಲಿ ಗೋವಾ ಮಾತು ಬಂದಾಗಲೆಲ್ಲ ‘ಎಷ್ಟು ಗಂಟೆಗೆ ಬಿಡೋಣು, ಯಾವ ಘಾಟಿನಿಂದ ಹೋಗೋಣು’ ಎಂಬ ಚರ್ಚೆ ನಡೆಯುತ್ತದೆ. ಈ ಚರ್ಚೆಗೂ ಒಂದು ಚರಿತ್ರೆ ಇದೆ ಎಂದು ನನಗೆ ಅನಿಸಿದ್ದು ಹಲಸಿಯನ್ನು ನೋಡಿದ ಮೇಲೆ.

ಖಾನಾಪುರ ತಾಲೂಕಿನ ಹಲಸಿ ಹಿಂದೆ ಪಲಾಶಿಕಾ, ಕದಂಬರ ರಾಜಧಾನಿಗಳಲ್ಲಿ ಒಂದು. ನಂತರ ಬಂದ ಗೋವಾ ಕದಂಬರು ಘಟ್ಟದ ಮೇಲಿನ ಹಲಸಿಗೆ ನಾಡನ್ನೂ ಕೆಳಗಿನ ಕೊಂಕಣವನ್ನೂ ಒಟ್ಟಿಗೆ ಆಳಿದರು. ಸಮುದ್ರದ ದಡದಲ್ಲಿ ಅವರ ಗೋಪಕಪಟ್ಟಣ, ಘಟ್ಟದ ಮೇಲೆ ದೇಗಾಂವದಲ್ಲಿ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ. ಎರಡರ ನಡುವೆ ಜನ, ಸರಕು ಓಡಾಡದೆ ಆ ರಾಜ್ಯ ನಿಲ್ಲುತ್ತಿರಲಿಲ್ಲ. ಇಂದು ಗೋವಾದ ಸರ್ಕಾರಿ ಬಸ್ಸಿನ ಹೆಸರು ‘ಕದಂಬ’. ಆ ಬಸ್ಸು ಬೆಳಗಾವಿ ನಿಲ್ದಾಣಕ್ಕೆ ಬಂದಾಗ ಹಳೆಯ ದೊರೆಗಳು ತಮ್ಮ ಮೇಲಿನ ನಾಡಿಗೆ ಬಂದಂತೆ ಕಾಣುತ್ತದೆ.

ಆ ಕಾಲದಿಂದ 19ನೇ ಶತಮಾನದವರೆಗೂ ಘಟ್ಟದ ಲೆಕ್ಕ ನಡೆದದ್ದು ತಿಂಗಳುಗಳಲ್ಲಿ. ಹೇರೆತ್ತುಗಳ ಮೇಲೆ ಧಾನ್ಯ ಕೆಳಗೆ ಹೋಗುತ್ತಿತ್ತು, ಉಪ್ಪು ಮೇಲೆ ಬರುತ್ತಿತ್ತು. ಲಂಬಾಣಿಗರು ಇದರಲ್ಲಿ ಪಳಗಿದವರು. ಮಳೆಗಾಲದಲ್ಲಿ ಹಳ್ಳಗಳು ತುಂಬಿ, ಕಾಲುದಾರಿ ಜಾರಿ, ವ್ಯಾಪಾರ ನಿಲ್ಲುತ್ತಿತ್ತು. ಮಳೆ ನಿಂತು ನೆಲ ಗಟ್ಟಿಯಾದ ಮೇಲೆ ಮತ್ತೆ ಶುರು. ಬ್ರಿಟಿಷರ ಕಾಲದಲ್ಲಿ ಬಂಡಿಗಳು ಇಳಿಯುವ ದಾರಿಗಳಾದವು. ಬೆಳಗಾವಿ ಸೀಮೆಯ ಹತ್ತಿ ವೆಂಗುರ್ಲೆ ಬಂದರಿಗೆ ಹೋಗತೊಡಗಿತು. ವೆಂಗುರ್ಲೆ ರಸ್ತೆ, ರಾಮಘಾಟ ರಸ್ತೆ ಎಂಬ ಹೆಸರುಗಳು ಬೆಳಗಾವಿಯಲ್ಲಿ ಇನ್ನೂ ಇವೆ.

ರೈಲು ಬಂದ ಮೇಲೆ ಲೆಕ್ಕ ತಿಂಗಳಿನಿಂದ ಗಂಟೆಗೆ ಇಳಿಯಿತು. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಮಾಡಿಕೊಂಡ ಒಪ್ಪಂದದಲ್ಲಿ ಗೋವಾ ಗಡಿಯ ಸುಂಕ ತೆಗೆಯುವ ಮಾತೂ ಮಾರ್ಮಗೋವಾ ಬಂದರಿನಿಂದ ಒಳನಾಡಿಗೆ ರೈಲು ಹಾಕುವ ಮಾತೂ ಸೇರಿದ್ದವು. ಬಂದರಿನಿಂದ ಬಂದ ಹಳಿ 1888ರಲ್ಲಿ ಘಟ್ಟದ ಮೇಲಿನ ಕ್ಯಾಸಲ್‌ರಾಕ್ ಮುಟ್ಟಿತು. ಅಲ್ಲಿಂದ ಲೋಂಡಾ ಕಡೆಗೆ ಸದರ್ನ್ ಮರಾಠಾ ರೈಲ್ವೆಯ ಹಳಿ. ಒಪ್ಪಂದ 1892ರಲ್ಲಿ ಮುಗಿದಾಗ ಸುಂಕದ ಕಟ್ಟೆಗಳು ಮರಳಿ ಬಂದವು, ಹಳಿ ಮಾತ್ರ ಉಳಿಯಿತು.

ಈ ಘಟ್ಟದ ಏರು 37 ಅಡಿಗೆ ಒಂದು ಅಡಿ. ಒಂದು ಎಂಜಿನ್ನಿಗೆ ಆಗದ ಕೆಲಸ. ಕುಳೆಂ ನಿಲ್ದಾಣದಲ್ಲಿ ಹೆಚ್ಚಿನ ಎಂಜಿನ್ ಕಟ್ಟಿಯೇ ರೈಲು ಮೇಲೆ ಹತ್ತಬೇಕು. ಇಳಿಯುವ ಮೊದಲು ಬ್ರೇಕು ಪರೀಕ್ಷೆ ಆಗಬೇಕು. ಮುಂದಿನ ನಿಲ್ದಾಣ ‘ದಾರಿ ಖಾಲಿ ಇದೆ’ ಎನ್ನುವವರೆಗೆ ಯಾವ ರೈಲೂ ಹೊರಡುವಂತಿಲ್ಲ. ಘಟ್ಟಕ್ಕೆ ಎಷ್ಟು ತಡೆದೀತು ಎಂದು ನೋಡಿ ಅಷ್ಟನ್ನೇ ಬಿಡುವ ಪದ್ಧತಿ ಇದು. ಇದರಲ್ಲೂ ಅಪಾಯ ತಪ್ಪಿಲ್ಲ: 2021ರ ಜುಲೈ 23ರಂದು ದೂಧಸಾಗರದ ಹತ್ತಿರ ಗುಡ್ಡ ಕುಸಿದು ಮಂಗಳೂರು–ಮುಂಬೈ ರೈಲು ಹಳಿ ತಪ್ಪಿತು. ಆದರೆ ಯಾವ ರೈಲು ಎಲ್ಲಿದೆ, ಹಿಂದೆ ಎಷ್ಟು ಬರುತ್ತಿವೆ ಎಂಬುದು ರೈಲ್ವೆಗೆ ಗೊತ್ತಿರುತ್ತದೆ. ರಸ್ತೆಯಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ.

ನಡುವೆ ಆರು ವರ್ಷ ಘಟ್ಟ ಪೂರ್ತಿ ಮುಚ್ಚಿತ್ತು. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಭಾರತ ಗಡಿ ಮುಚ್ಚಿತು, ರೈಲು ನಿಂತಿತು. ಮತ್ತೆ ಈ ದಾರಿ ತೆರೆದದ್ದು 1961ರ ಡಿಸೆಂಬರ್ 18ರಂದು, ಸೇನೆಯ ವಾಹನಗಳಿಗೆ. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ನೇತೃತ್ವದ 17ನೇ ಡಿವಿಜನ್ನಿನ ಒಂದು ಭಾಗ ಅನಮೋಡದಿಂದ ಮೋಲೆಂಗೆ ಇಳಿಯಿತು. ಸಾಂಬ್ರಾದಿಂದ ಹಂಟರ್ ವಿಮಾನಗಳು ಹಾರಿದವು. ಮರುದಿನ ಗೋವಾ ಬಿಡುಗಡೆಯಾಯಿತು. ಇಂದು ನಾವು ಶನಿವಾರ ಸಲೀಸಾಗಿ ದಾಟುವ ಗಡಿ ಅದು.

ಹೀಗೆ ತಿಂಗಳಿನ ಲೆಕ್ಕ, ಗಂಟೆಯ ಲೆಕ್ಕ ದಾಟಿ ನಾವು ವಾರದ ಲೆಕ್ಕಕ್ಕೆ ಬಂದಿದ್ದೇವೆ. ಹೇರೆತ್ತಿನವರಿಗೆ ಮಳೆ ಕಡಿವಾಣ ಹಾಕುತ್ತಿತ್ತು, ರೈಲಿಗೆ ಸಿಗ್ನಲ್ಲು. ವಾರಾಂತ್ಯಕ್ಕೆ ಎರಡೂ ಇಲ್ಲ. ಮಳೆಗಾಲವೇ ಈಗ ಹಂಗಾಮು, ಜಲಪಾತ ನೋಡುವವರು ಬರುವುದೇ ಆಗ. 2023ರ ಜುಲೈನಲ್ಲಿ ದೂಧಸಾಗರಕ್ಕೆ ಹಳಿಯ ಮೇಲೆ ನಡೆದು ಹೋಗುವವರ ನೂಕುನುಗ್ಗಲು ಹೆಚ್ಚಾಗಿ, ಹಾಗೆ ಹೋಗಬೇಡಿರೆಂದು ರೈಲ್ವೆಯೇ ಹೇಳಬೇಕಾಯಿತು.

ಬೇರೆ ದೇಶಗಳಲ್ಲೂ ಈ ಪಾಡು ಇದೆ. ಅಮೆರಿಕದ ಡೆನ್ವರ್ ಜನ ಚಳಿಗಾಲದ ಶನಿವಾರ ಹಿಮದ ಮೇಲೆ ಜಾರುವ ಆಟಕ್ಕೆ ರಾಕಿ ಬೆಟ್ಟಗಳಿಗೆ ಹೋಗುತ್ತಾರೆ. ಅವರ ಮುಖ್ಯ ದಾರಿ ಐ-70 ಹೆದ್ದಾರಿ. ಬೆಟ್ಟ ಕೊರೆದು ಐಸೆನ್‌ಹೋವರ್ ಸುರಂಗ ಮಾಡಿದ್ದು 1973ರಲ್ಲಿ. ಆದರೂ ದಟ್ಟಣೆ ತಪ್ಪದೆ 2015ರಲ್ಲಿ ರಸ್ತೆಯ ಅಂಚನ್ನೇ ದಟ್ಟಣೆಯ ದಿನಗಳಲ್ಲಿ ಸುಂಕದ ಪಟ್ಟಿಯಾಗಿ ತೆರೆದರು. ಬೆಟ್ಟದಲ್ಲಿ ರಸ್ತೆಯನ್ನು ಬೇಕಾದಷ್ಟು ಅಗಲ ಮಾಡಲಾಗದು ಎಂದು ಒಪ್ಪಿಕೊಂಡು, ಯಾವ ಹೊತ್ತಿಗೆ ಎಷ್ಟು ಗಾಡಿ ಎಂಬ ಲೆಕ್ಕಕ್ಕೆ ಅವರೂ ಬಂದರು.

ನಮ್ಮಲ್ಲಿ ಖಾನಾಪುರದವರೆಗೆ ರಸ್ತೆ ನಾಲ್ಕು ಪಥವಾಗಿದೆ, ಗಣೇಬೈಲದಲ್ಲಿ ಟೋಲ್ ಇದೆ. ಮುಂದೆ ಕಾಡು, ಘಟ್ಟ, ತಿರುವು. ಅಗಲ ರಸ್ತೆಯಿಂದ ಬೇಗ ಬಂದ ಗಾಡಿಗಳು ಇಕ್ಕಟ್ಟಿನಲ್ಲಿ ಬಂದು ನಿಲ್ಲುತ್ತವೆ. ಗೋವಾಕ್ಕೆ ದಿನವೂ ಬೆಳಗಾವಿಯಿಂದ ತರಕಾರಿ ಹೋಗಬೇಕು. ಆ ಲಾರಿಗಳೂ ಇದೇ ಘಟ್ಟಗಳನ್ನು ನಂಬಿವೆ. ಅಗಲ ಮಾಡಿರೆನ್ನುವುದು ಸುಲಭ, ಆದರೆ ಚೋರ್ಲಾ ದಾರಿಯ ಪಕ್ಕದಲ್ಲೇ 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮವಿದೆ. ಮಹದಾಯಿ ಹುಟ್ಟುವುದು ಆ ಕಾಡಿನಲ್ಲಿ, ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ.

ಆ ಕಾಡಿನೊಳಗೆ ಊರುಗಳೂ ಇವೆ. ಆಮಗಾಂವದಂಥ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕಾಯಿಲೆ ಬಿದ್ದವರನ್ನು ಹೆಗಲ ಮೇಲೆ ಹೊತ್ತು, ಹಳ್ಳ ದಾಟಿಸಿ, ಆಂಬುಲೆನ್ಸ್ ಬರುವ ಜಾಗಕ್ಕೆ ತರಬೇಕು. ಅಲ್ಲಿಂದ ಅವರು ಖಾನಾಪುರವನ್ನೋ ಬೆಳಗಾವಿಯನ್ನೋ ಮುಟ್ಟಲು ಜಾಂಬೋಟಿಯ ರಸ್ತೆಗೇ ಬರಬೇಕು. ರವಿವಾರ ಸಂಜೆ ಅದೇ ರಸ್ತೆಯಲ್ಲಿ ನಾವು ಸಾಲುಗಟ್ಟಿ ನಿಂತಿರುತ್ತೇವೆ. ಎಷ್ಟು ಗಂಟೆಗೆ ಬಿಡೋಣು ಎಂದು ನಾವು ಕೇಳುವಾಗ ಈ ಜನರ ಹೊತ್ತು ಲೆಕ್ಕಕ್ಕೆ ಬರುವುದೇ ಇಲ್ಲ.

ನನ್ನ ಮಟ್ಟಿಗೆ ನಾನು ಮಾಡಿಕೊಂಡ ಏರ್ಪಾಡು ಸಣ್ಣದು. ಸಾಧ್ಯವಾದಾಗ ಮಂಗಳವಾರ, ಬುಧವಾರ ಹೋಗುತ್ತೇನೆ. ವಾರಾಂತ್ಯವೇ ಆಗಬೇಕೆಂದರೆ ರೈಲು. ಗೋವಾ ಎಕ್ಸ್‌ಪ್ರೆಸ್ ಇಂದಿಗೂ ಬೆಳಗಾವಿ, ಲೋಂಡಾ ಮೂಲಕವೇ ವಾಸ್ಕೋಗೆ ಇಳಿಯುತ್ತದೆ. ಕಾರೇ ಬೇಕಾದರೆ ರವಿವಾರ ಊಟಕ್ಕೆ ಮೊದಲೇ ಘಟ್ಟ ಹತ್ತಿಬಿಡುತ್ತೇನೆ. ಆಡಳಿತದವರು ಮಾಡಬಹುದಾದದ್ದು ಇದಕ್ಕಿಂತ ಹೆಚ್ಚಿದೆ: ಆ ಎರಡು ದಿನ ಜಾಂಬೋಟಿಯಲ್ಲೂ ರಾಮನಗರದಲ್ಲೂ ಗಾಡಿಗಳನ್ನು ಎಣಿಸಿ ಬಿಡುವುದು, ಭಾರಿ ಲಾರಿಗಳಿಗೆ ಬೇರೆ ಹೊತ್ತು ಕೊಡುವುದು, ಕಣಕುಂಬಿಯಲ್ಲಿ ಒಂದು ಆಂಬುಲೆನ್ಸ್ ನಿಲ್ಲಿಸುವುದು. ಕ್ಯಾಸಲ್‌ರಾಕಿನ ಹಳಿಯ ಮೇಲೆ ಎಣಿಸಿ ಬಿಡುವ ಈ ಕೆಲಸ 1888ರಿಂದ ನಡೆದುಬಂದಿದೆ.