ಗೆಜೆಟ್‌ನ ಕೂಲಿ, ಕೈಗೆ ಬರುವ ಕೂಲಿ

ಬೆಂಗಳೂರಿನ ಒಂದು ಹೋಟೆಲು ಕೆಲಸಗಾರರ ಕೂಲಿಯ ವಿಷಯಕ್ಕೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ಹೋಟೆಲು, ವಸತಿಗೃಹಗಳಲ್ಲಿ ದುಡಿಯುವವರಿಗೆ ಇಂತಿಷ್ಟು ಕೊಡಲೇಬೇಕು ಎಂದು 1967ರಲ್ಲಿ ಮೈಸೂರು ಸರ್ಕಾರ ಅಧಿಸೂಚನೆ ಹೊರಡಿಸಿತು. ಚಂದ್ರಭವನ ಬೋರ್ಡಿಂಗ್ ಅಂಡ್ ಲಾಡ್ಜಿಂಗ್ ಅದನ್ನು ಪ್ರಶ್ನಿಸಿತು. ಹೀಗೆ ಕೂಲಿ ಗೊತ್ತುಮಾಡುವ ಅಧಿಕಾರಕ್ಕೆ ಲಗಾಮಿಲ್ಲ, ನಮ್ಮ ವ್ಯಾಪಾರದ ಸ್ವಾತಂತ್ರ್ಯಕ್ಕೆ ಇದರಿಂದ ಧಕ್ಕೆ ಎಂಬುದು ಮಾಲೀಕರ ವಾದ. 1969ರಲ್ಲಿ ಸರ್ಕಾರದ ಪರವಾಗಿ ತೀರ್ಪು ಬಂತು. ಬರೆದವರು ದಕ್ಷಿಣ ಕನ್ನಡದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ವ್ಯಾಪಾರದ ಸ್ವಾತಂತ್ರ್ಯವೆಂದರೆ ದುಡಿಯುವವರನ್ನು ಸುಲಿಯುವ ಸ್ವಾತಂತ್ರ್ಯವಲ್ಲ ಎಂಬುದು ಅದರ ತಿರುಳು.

ಕಾನೂನು ಗೆದ್ದಿತು, ಸರಿ. ಆದರೆ ಹೋಟೆಲಿನ ಹಿತ್ತಲಲ್ಲಿ ಪಾತ್ರೆ ತೊಳೆಯುವ ಹುಡುಗನ ಕೈಗೆ ಆ ಕೂಲಿ ಬರಬೇಕಾದರೆ ತೀರ್ಪೊಂದು ಸಾಕೇ? ಕನಿಷ್ಠ ವೇತನದ ಬಗ್ಗೆ ನೂರು ವರ್ಷಗಳಿಂದ ನಡೆದಿರುವ ವಾಗ್ವಾದ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಸುತ್ತಿದೆ: ಕೂಲಿ ಏರಿಸಿದರೆ ಕೆಲಸ ಹೋಗುತ್ತದೆಯೇ, ಇಲ್ಲವೇ? ಅದು ಮುಖ್ಯವಾದ ಪ್ರಶ್ನೆಯೇ. ಆದರೆ ಈ ಕ್ಷೇತ್ರದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ಎದುರಾಗಿರುವುದು ಬೇರೆಯೇ ಸಂಗತಿ. ಸರ್ಕಾರ ಬರೆದ ಕೂಲಿ ಕಾರ್ಮಿಕರ ಕೈಗೆ ತಲುಪಿದ್ದು ಅದನ್ನು ಕೇಳಿ ಪಡೆಯುವ ಸಂಘಟನೆ ಇದ್ದ ಕಡೆಗಳಲ್ಲಿ ಮಾತ್ರ.

ಇದರ ಮೊದಲ ದೊಡ್ಡ ನಿದರ್ಶನ ಇಂಗ್ಲೆಂಡಿನ ಕ್ರ್ಯಾಡ್ಲಿ ಹೀತ್ ಎಂಬ ಊರಿನದು. ಅಷ್ಟರೊಳಗೆ ನ್ಯೂಜಿಲೆಂಡ್ 1894ರಲ್ಲಿ, ಆಸ್ಟ್ರೇಲಿಯದ ವಿಕ್ಟೋರಿಯ 1896ರಲ್ಲಿ ಕಾನೂನಿನ ಮೂಲಕ ಕೂಲಿ ನಿಗದಿಗೆ ದಾರಿ ಮಾಡಿದ್ದವು. 1909ರಲ್ಲಿ ಬ್ರಿಟನ್ ಕೂಡ, ಅತಿ ಕಡಿಮೆ ಕೂಲಿಯ ಕೆಲವು ಕಸುಬುಗಳಿಗೆಂದು ಮಂಡಳಿಗಳನ್ನು ನೇಮಿಸುವ ಕಾಯಿದೆ ತಂದಿತು. ಕ್ರ್ಯಾಡ್ಲಿ ಹೀತ್‌ನ ಹೆಂಗಸರು ಮನೆಯ ಹಿಂದಿನ ಸಣ್ಣ ಕುಲುಮೆಗಳಲ್ಲಿ ಕಬ್ಬಿಣದ ಸರಪಳಿ ಬಡಿಯುತ್ತಿದ್ದರು. ಮಂಡಳಿ 1910ರಲ್ಲಿ ಗಂಟೆಗೆ ಎರಡೂವರೆ ಪೆನ್ಸ್ ಎಂದು ಗೊತ್ತುಮಾಡಿತು. ಅನೇಕರಿಗೆ ಅದು ಹಿಂದಿನ ಕೂಲಿಯ ಎರಡರಷ್ಟು. ಕಾಯಿದೆಯಲ್ಲಿ ಒಂದು ಕಂಡಿ ಇತ್ತು: ಕೆಲಸಗಾರರೇ ಒಪ್ಪಿ ಸಹಿ ಮಾಡಿದರೆ ಹೊಸ ದರವನ್ನು ಆರು ತಿಂಗಳು ಮುಂದೂಡಬಹುದಿತ್ತು. ಮಾಲೀಕರು ಓದು ಬಾರದ ಹೆಂಗಸರ ಮುಂದೆ ಕಾಗದ ಹಿಡಿದು ಹೆಬ್ಬೆಟ್ಟು, ಸಹಿ ಹಾಕಿಸಿಕೊಂಡರು. ಆಗ ಮೇರಿ ಮೆಕಾರ್ಥರ್ ಕಟ್ಟಿದ್ದ ಮಹಿಳಾ ಕಾರ್ಮಿಕ ಒಕ್ಕೂಟ ಮುಷ್ಕರ ಹೂಡಿತು. ಹತ್ತು ವಾರ ಕುಲುಮೆಗಳು ಆರಿದವು, ಮಾಲೀಕರು ಮಣಿದರು. ದರ ನಿಗದಿ ಮಾಡಿದ್ದು ಮಂಡಳಿ, ಕೊಡಿಸಿದ್ದು ಸಂಘ.

ಹಾಗೆಂದು ಸಂಘಗಳೆಲ್ಲ ಮೊದಲಿನಿಂದಲೂ ಕನಿಷ್ಠ ವೇತನದ ಪರವಾಗಿದ್ದವು ಎನ್ನಲಾಗದು. ಅಮೆರಿಕದ ಸ್ಯಾಮ್ಯುಯೆಲ್ ಗಾಂಪರ್ಸ್ ಅವರ ಕಾರ್ಮಿಕ ಒಕ್ಕೂಟ ಗಂಡಸರಿಗೆ ಕಾನೂನಿನ ಕೂಲಿಯೇ ಬೇಡ ಎನ್ನುತ್ತಿತ್ತು. ಸರ್ಕಾರ ಕೊಟ್ಟದ್ದನ್ನು ಸರ್ಕಾರವೇ ಕಿತ್ತುಕೊಳ್ಳಬಹುದು, ಕೆಳಗಿನ ಮಿತಿಯೇ ನಾಳೆ ಮೇಲಿನ ಮಿತಿಯೂ ಆಗಬಹುದು ಎಂಬ ಅಂಜಿಕೆ ಅವರದು. ಬ್ರಿಟಿಷ್ ಸಂಘಗಳಲ್ಲಿ ಈ ಅನುಮಾನ 1980ರ ದಶಕದ ತನಕ ಉಳಿದಿತ್ತು. ಎಲ್ಲರಿಗೂ ಅನ್ವಯಿಸುವ ವೇತನ ಅಲ್ಲಿ ಬಂದಿದ್ದು 1999ರಲ್ಲಿ. ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಇಂದಿಗೂ ಅಂಥ ಕಾನೂನಿಲ್ಲ. ಅಲ್ಲಿ ಬಹುಪಾಲು ಕೆಲಸಗಾರರ ಕೂಲಿಯನ್ನು ಸಂಘ ಮತ್ತು ಮಾಲೀಕರ ಒಪ್ಪಂದವೇ ತೀರ್ಮಾನಿಸುತ್ತದೆ. ಸಂಘ ಬಲವಾಗಿದ್ದರೆ ಕಾನೂನಿನ ಅಗತ್ಯ ಕಡಿಮೆ ಎಂಬುದಕ್ಕೆ ಆ ನಾಡುಗಳು ಸಾಕ್ಷಿ. ನಮ್ಮ ಕಷ್ಟವೆಂದರೆ, ಇಲ್ಲಿ ಸಂಘ ಇಲ್ಲದವರಿಗೇ ಕಾನೂನು ಬೇಕು, ಮತ್ತು ಸಂಘ ಇಲ್ಲದ್ದರಿಂದಲೇ ಆ ಕಾನೂನು ಅವರಿಗೆ ದಕ್ಕುವುದಿಲ್ಲ.

ಅರ್ಥಶಾಸ್ತ್ರಜ್ಞರ ಜಗಳವನ್ನು ಚುಟುಕಾಗಿ ಹೇಳಬಹುದು. ಜಾರ್ಜ್ ಸ್ಟಿಗ್ಲರ್ 1946ರಲ್ಲಿ ಬರೆದ ಪ್ರಬಂಧ ಬಹುಕಾಲ ಪಠ್ಯದಂತೆ ನಿಂತಿತು: ಕೂಲಿಯನ್ನು ಮಾರುಕಟ್ಟೆಯ ದರಕ್ಕಿಂತ ಮೇಲಕ್ಕೆತ್ತಿದರೆ ಕಡಿಮೆ ಕೌಶಲದವರು ಕೆಲಸ ಕಳೆದುಕೊಳ್ಳುತ್ತಾರೆ. ಅದಕ್ಕೂ ಮೊದಲೇ, 1933ರಲ್ಲಿ, ಜೋನ್ ರಾಬಿನ್‌ಸನ್ ಇನ್ನೊಂದು ಸಾಧ್ಯತೆ ತೋರಿಸಿದ್ದರು. ಊರಿಗೆ ಒಬ್ಬನೇ ಕೆಲಸ ಕೊಡುವವನಿದ್ದರೆ ಕೂಲಿ ಅವನಿಷ್ಟದಂತೆ ಕೆಳಗಿರುತ್ತದೆ. ಅಲ್ಲಿ ಕನಿಷ್ಠ ವೇತನ ತಂದರೆ ಕೂಲಿಯೂ ಏರಬಹುದು, ಕೆಲಸವೂ ಹೆಚ್ಚಬಹುದು. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ತನ್ನ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿದಾಗ ಡೇವಿಡ್ ಕಾರ್ಡ್, ಆಲನ್ ಕ್ರೂಗರ್ ಅಲ್ಲಿನ ಬರ್ಗರ್ ಅಂಗಡಿಗಳನ್ನು ಪಕ್ಕದ ಪೆನ್ಸಿಲ್ವೇನಿಯದ ಅಂಗಡಿಗಳೊಂದಿಗೆ ಹೋಲಿಸಿ, ಕೆಲಸ ಕಡಿಮೆಯಾಗಿಲ್ಲ ಎಂದು 1994ರಲ್ಲಿ ಪ್ರಕಟಿಸಿದರು. ಡೇವಿಡ್ ನ್ಯೂಮಾರ್ಕ್, ವಿಲಿಯಂ ವಾಷರ್ ಅದನ್ನು ಒಪ್ಪಲಿಲ್ಲ. ಆ ವಾದ ಇನ್ನೂ ಮುಗಿದಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಎಷ್ಟು ಏರಿಸುತ್ತೇವೆ, ಎಲ್ಲಿ ಏರಿಸುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ ಎನ್ನುವಷ್ಟನ್ನು ಇಬ್ಬದಿಯ ಹಲವರೂ ಈಗ ಒಪ್ಪುತ್ತಾರೆ. ಈ ಅಧ್ಯಯನಗಳೆಲ್ಲ ಒಂದನ್ನು ಮೊದಲೇ ನಂಬಿಕೊಂಡಿವೆ: ಘೋಷಿಸಿದ ಕೂಲಿಯನ್ನು ಮಾಲೀಕ ಕೊಟ್ಟೇ ಕೊಡುತ್ತಾನೆ. ಭಾರತದಲ್ಲಿ ಆ ನಂಬಿಕೆಗೆ ಆಧಾರ ತೆಳ್ಳಗಿದೆ. ದೇಶದ ಪ್ರತಿ ಮೂವರು ಕೂಲಿಕಾರರಲ್ಲಿ ಒಬ್ಬರಿಗೆ ಕನಿಷ್ಠ ವೇತನದ ರಕ್ಷಣೆ ಇಲ್ಲ ಎಂದು 2018-19ರ ಆರ್ಥಿಕ ಸಮೀಕ್ಷೆಯೇ ಹೇಳಿತು.

ನಮ್ಮಲ್ಲಿ ಸಂಘಟನೆ ಕಾನೂನಿಗಿಂತ ಹಳೆಯದು. ಮದ್ರಾಸಿನ ಗಿರಣಿ ಕೆಲಸಗಾರರ ಸಂಘ 1918ರದ್ದು, ಎಐಟಿಯುಸಿ 1920ರದ್ದು, ಸಂಘಗಳನ್ನು ನೋಂದಾಯಿಸುವ ಕಾಯಿದೆ 1926ರದ್ದು. ಆ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದು. ಮೈಸೂರು ಸಂಸ್ಥಾನಕ್ಕೆ ಲಾಗೂ ಆಗುತ್ತಿರಲಿಲ್ಲ. ಆದರೂ 1930ರಲ್ಲಿ ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ಕೆಲಸ ನಿಲ್ಲಿಸಿದರು. ಕಾರಣ ಕೂಲಿಯೊಂದೇ ಅಲ್ಲ: ಪ್ರತಿಯೊಬ್ಬರ ಬೆರಳಚ್ಚು ತೆಗೆದು ದಾಖಲಿಸುವ ಹೊಸ ಪದ್ಧತಿ ತಮ್ಮನ್ನು ಅಪರಾಧಿಗಳಂತೆ ಕಾಣುತ್ತದೆ ಎಂಬ ಸಿಟ್ಟು. ಇತಿಹಾಸಕಾರ್ತಿ ಜಾನಕಿ ನಾಯರ್ ಈ ಗಣಿಯವರ ಮತ್ತು ಬೆಂಗಳೂರಿನ ಗಿರಣಿಯವರ ಬದುಕನ್ನು ವಿವರವಾಗಿ ಬರೆದಿದ್ದಾರೆ. ಸಂಘಗಳಿಗೆ ಕಾನೂನಿನ ಮಾನ್ಯತೆಗಾಗಿ ಸಂಸ್ಥಾನ 1940ರ ದಶಕದ ತನಕ ಕಾಯಬೇಕಾಯಿತು.

ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಡಾ. ಬಿ.ಆರ್. ಅಂಬೇಡ್ಕರ್ 1946ರಲ್ಲಿ ಕನಿಷ್ಠ ವೇತನದ ಮಸೂದೆ ಮಂಡಿಸಿದರು. ಜಗಜೀವನರಾಂ ಸಚಿವರಾಗಿದ್ದಾಗ 1948ರಲ್ಲಿ ಅದು ಕಾಯಿದೆಯಾಯಿತು. ಅದು ಎಲ್ಲ ದುಡಿಮೆಗೂ ಅನ್ವಯಿಸಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದ ಉದ್ಯೋಗಗಳಿಗೆ ಮಾತ್ರ ಕೂಲಿ ನಿಗದಿ. ಐದು ವರ್ಷಕ್ಕೊಮ್ಮೆಯಾದರೂ ಪರಿಷ್ಕರಣೆ. ಪಟ್ಟಿಗೆ ಸೇರುವುದೇ ಒಂದು ಹೋರಾಟವಾಯಿತು, ಪರಿಷ್ಕರಣೆ ತಡವಾಗುವುದೇ ವಾಡಿಕೆಯಾಯಿತು.

ಎಷ್ಟು ಕೊಟ್ಟರೆ ಕನಿಷ್ಠ? 1957ರಲ್ಲಿ ನವದೆಹಲಿಯಲ್ಲಿ ಸೇರಿದ ಹದಿನೈದನೇ ಭಾರತೀಯ ಕಾರ್ಮಿಕ ಸಮ್ಮೇಳನ ಇದಕ್ಕೊಂದು ಲೆಕ್ಕ ಹಾಕಿಕೊಟ್ಟಿತು. ಸಂಘಗಳು, ಮಾಲೀಕರು, ಸರ್ಕಾರ ಮೂವರೂ ಕೂತು ಒಪ್ಪಿದ ಲೆಕ್ಕ ಅದು. ದುಡಿಯುವ ಒಬ್ಬರನ್ನು ಆಧರಿಸಿ ಮೂರು ಘಟಕಗಳ ಕುಟುಂಬ, ಒಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ, ನಾಲ್ವರ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಸರ್ಕಾರದ ಕಾರ್ಮಿಕ ವಸತಿ ಯೋಜನೆಯ ಬಾಡಿಗೆ, ಸೌದೆ-ದೀಪ-ಇತರೆಗೆ ಒಟ್ಟು ಕೂಲಿಯ ಶೇ 20. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇದರಲ್ಲಿ ಇರಲಿಲ್ಲ. ಅವಕ್ಕೆಂದು ಇನ್ನೂ ಶೇ 25 ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ 1991ರ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು. ಊರಲ್ಲಿರುವ ಅಪ್ಪ ಅಮ್ಮನಿಗೆ, ಸೊಸೆ ಕಾರ್ಖಾನೆಗೆ ಹೋದಾಗ ಮಗು ನೋಡಿಕೊಳ್ಳುವ ಅತ್ತೆಗೆ ಆ ಮೂರು ಘಟಕಗಳಲ್ಲಿ ಜಾಗವಿಲ್ಲ. ನನ್ನ ದೃಷ್ಟಿಯಲ್ಲಿ ಇದು ಈ ಸೂತ್ರದ ದೊಡ್ಡ ಕೊರತೆ. ಆದರೂ ಬದುಕಿನ ಖರ್ಚಿನಿಂದ ಶುರುಮಾಡಿ ಕೂಲಿಗೆ ಬರುವ ಕ್ರಮವನ್ನು ಅದು ಸ್ಥಾಪಿಸಿತು. ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಕೂಲಿಕಾರರಿಗೆ ಸಂಬಂಧಿಸಿದ 1982ರ ಏಷ್ಯಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಬಲವಂತದ ದುಡಿಮೆ ಎಂದಿತು.

ಇದೇ ಹೊತ್ತಿಗೆ ಕಾರ್ಮಿಕ ಲೋಕ ಎರಡಾಗಿ ಸೀಳಿತ್ತು. 1980ರ ಡಿಸೆಂಬರಿನಿಂದ 77 ದಿನ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ನೌಕರರು ಮುಷ್ಕರ ಹೂಡಿದರು. ಬಿಎಚ್‌ಇಎಲ್‌ನವರಿಗೆ ಸಮನಾದ ಸಂಬಳ ಅವರ ಬೇಡಿಕೆ. ಅದು ಕನಿಷ್ಠ ವೇತನದ ಜಗಳವಲ್ಲ; ಬಲವಾದ ಸಂಘಗಳ ಚೌಕಾಸಿ. ಅದೇ ಕಾಲದಲ್ಲಿ ಕರಾವಳಿಯ ಮನೆ ಜಗಲಿಗಳಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಕೂಲಿ ಸಾವಿರದ ಲೆಕ್ಕ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಎಲೆ, ತಂಬಾಕು ತೂಗಿ ಕೊಡುತ್ತಾರೆ. ಎಲೆ ಹರಿದು ಕಡಿಮೆ ಬಿದ್ದರೆ ಕೈಯಿಂದ ದುಡ್ಡು ಹಾಕಿ ತರಬೇಕು. ಕಟ್ಟಿ ಒಯ್ದ ಬೀಡಿಯಲ್ಲಿ ಒಂದಷ್ಟನ್ನು ಸರಿಯಿಲ್ಲವೆಂದು ಪಕ್ಕಕ್ಕೆ ಹಾಕಿದರೆ ಅದಕ್ಕೆ ಕೂಲಿ ಇಲ್ಲ. ಗೆಜೆಟ್‌ನಲ್ಲಿರುವ ಸಾವಿರದ ದರ ಇಲ್ಲಿ ಪೂರ್ತಿ ಕೈಗೆ ಬರಬೇಕಾದರೆ ತೂಕದ ಹೊತ್ತಿಗೆ ಬ್ರಾಂಚಿನಲ್ಲಿ ನಿಂತು ಮಾತಾಡುವ ಸಂಘದವರಿರಬೇಕು. ಮಂಗಳೂರಿನ ಬೀಡಿ ಸಂಘಗಳು ದಶಕಗಳಿಂದ ಮಾಡಿಕೊಂಡು ಬಂದಿರುವ ಬಹುಪಾಲು ಕೆಲಸ ಈ ಬಗೆಯದು.

ಸಂಘಗಳ ಮೇಲಿನ ಟೀಕೆಯನ್ನೂ ಗಂಭೀರವಾಗಿ ಎಣಿಸಬೇಕು. 1982ರಲ್ಲಿ ದತ್ತಾ ಸಾಮಂತ್ ನೇತೃತ್ವದ ಮುಂಬೈ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಅನೇಕರು ಮತ್ತೆ ಗಿರಣಿಯ ಕೆಲಸಕ್ಕೆ ಮರಳಲೇ ಇಲ್ಲ. ಟಿಮೊಥಿ ಬೆಸ್ಲಿ, ರಾಬಿನ್ ಬರ್ಜೆಸ್ 2004ರಲ್ಲಿ, ಕಾರ್ಮಿಕರ ಪರವಾಗಿ ಕೈಗಾರಿಕಾ ವಿವಾದ ಕಾಯಿದೆ ತಿದ್ದಿದ ರಾಜ್ಯಗಳಲ್ಲಿ ನೋಂದಾಯಿತ ಕಾರ್ಖಾನೆಗಳ ಉತ್ಪಾದನೆ, ಉದ್ಯೋಗ ಕುಗ್ಗಿತು ಎಂದರು. ರಾಜ್ಯಗಳನ್ನು ಅವರು ವಿಂಗಡಿಸಿದ ರೀತಿಯೇ ಸರಿಯಿಲ್ಲ ಎಂದು ಆದಿತ್ಯ ಭಟ್ಟಾಚಾರ್ಜಿ ಪ್ರತಿವಾದ ಹೂಡಿದರು. ಆ ಪ್ರತಿವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಕಾಯಂ ನೌಕರರ ಸಂಘಗಳು ಗುತ್ತಿಗೆಯವರನ್ನು, ಮನೆಯಲ್ಲಿ ದುಡಿಯುವವರನ್ನು ಬಹುಕಾಲ ಹೊರಗೇ ಇಟ್ಟವು ಎಂಬ ದೂರು ಮಾತ್ರ ನಿಜ.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಈ ಎಲ್ಲ ಎಳೆಗಳು ಒಂದೆಡೆ ಸೇರುತ್ತವೆ. ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಸಂಘದ ಸದಸ್ಯರಾದವರು ಕೆಲವರು. 2016ರ ಏಪ್ರಿಲ್‌ನಲ್ಲಿ, ಪಿಎಫ್‌ನ ಮಾಲೀಕರ ಪಾಲನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ಸುದ್ದಿ ಹಬ್ಬಿದಾಗ ಲಕ್ಷಕ್ಕೂ ಹೆಚ್ಚು ಮಂದಿ ಯಾವ ನಾಯಕರ ಕರೆಗೂ ಕಾಯದೆ ಹೊಸೂರು ರಸ್ತೆಗೆ, ಜಾಲಹಳ್ಳಿ ಕ್ರಾಸಿಗೆ ಬಂದರು. ಎರಡೇ ದಿನದಲ್ಲಿ ಕೇಂದ್ರ ಆ ನಿಯಮ ಹಿಂತೆಗೆದುಕೊಂಡಿತು. ಕೂಲಿಯ ವಿಷಯ ಅಷ್ಟು ಸುಲಭವಾಗಲಿಲ್ಲ. 2018ರ ಫೆಬ್ರವರಿಯಲ್ಲಿ ಗಾರ್ಮೆಂಟ್ಸ್‌ನ ಕನಿಷ್ಠ ವೇತನ ಏರಿಸಿದ ಅಧಿಸೂಚನೆಯನ್ನು ರಾಜ್ಯ ಸರ್ಕಾರ ಮರುತಿಂಗಳೇ ವಾಪಸು ಪಡೆಯಿತು.

ಆಮೇಲೆ ಕೋವಿಡ್. 2020ರ ಏಪ್ರಿಲ್ 1ರಿಂದ ಕೊಡಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆ ಆದೇಶವನ್ನು ತಡೆದು, ಬಾಕಿಯನ್ನೂ ಕೊಡಬೇಕೆಂದಿತು. ಎಷ್ಟೋ ಕಾರ್ಖಾನೆಗಳು ಆಮೇಲೂ ಕೊಡಲಿಲ್ಲ. ಬೆಂಗಳೂರಿನ ಸಂಘಗಳು ಪಟ್ಟು ಬಿಡದೆ ದೂರು ಒಯ್ದವು. ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಬಟ್ಟೆ ಕೊಳ್ಳುವ ಬ್ರ್ಯಾಂಡ್‌ಗಳ ಬಾಗಿಲು ತಟ್ಟಿತು. ಬಾಕಿ ಬರಬೇಕಿದ್ದುದು ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ. 2022ರ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬಾಕಿ ತೀರಿಸತೊಡಗಿದವು. ಹೈಕೋರ್ಟಿನ ಆದೇಶದಿಂದ ಪೇ ಸ್ಲಿಪ್ಪಿನ ಒಂದು ಸಾಲಿಗೆ ಬರಲು 417 ರೂಪಾಯಿಗೆ ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಮಾಲೀಕರು ತಮ್ಮ ಕಷ್ಟವಾಗಿ ಹೇಳುವುದರಲ್ಲೂ ಹುರುಳಿದೆ: ಅಂಗಿಯ ಬೆಲೆ ಗೊತ್ತುಮಾಡುವವರು ದೂರದ ಬ್ರ್ಯಾಂಡುಗಳು, ಇಲ್ಲಿ ಕೂಲಿ ಏರಿದರೆ ಆರ್ಡರು ಬೇರೆ ದೇಶಕ್ಕೆ, ಕಾರ್ಖಾನೆ ಕಡಿಮೆ ಕೂಲಿಯ ವಲಯಕ್ಕೆ ಹೋಗಬಹುದು. ವಲಯವಾರು ದರದ ಪದ್ಧತಿಯೇ ಇಂಥ ಸ್ಥಳಾಂತರಕ್ಕೆ ದಾರಿ ಕೊಟ್ಟಿದೆ.

ಹಳ್ಳಿಯ ಕೂಲಿಯ ಕತೆಯೂ ಬೇರೆಯಲ್ಲ. ಉದ್ಯೋಗ ಖಾತ್ರಿಯ ಕೂಲಿ ರಾಜ್ಯದ ಕನಿಷ್ಠ ವೇತನಕ್ಕಿಂತ ಕೆಳಗಿದ್ದಾಗ ಕರ್ನಾಟಕ ಪ್ರಾಂತ ಕೃಷಿ ಕೂಲಿಕಾರರ ಸಂಘ ಹೈಕೋರ್ಟಿಗೆ ಹೋಯಿತು. 2011ರ ಸೆಪ್ಟೆಂಬರಿನಲ್ಲಿ ಕೋರ್ಟ್ ಕನಿಷ್ಠ ವೇತನವನ್ನೇ ಕೊಡಬೇಕೆಂದಿತು. ಕೇಂದ್ರ ಮೇಲ್ಮನವಿ ಹೋದರೂ ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ. ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ಸರ್ಕಾರ ಕೊಡುವುದಕ್ಕೆ ‘ಗೌರವಧನ’ ಎಂಬ ಹೆಸರು, ಹಾಗಾಗಿ ಕನಿಷ್ಠ ವೇತನದ ಮಾತೇ ಏಳುವುದಿಲ್ಲ. ಅವರ ಗೌರವಧನ ಏರಿದ್ದು 2017ರ ಮಾರ್ಚ್‌ನಂತೆ ಬೆಂಗಳೂರಿನ ರಸ್ತೆಯಲ್ಲಿ ಹಗಲು ರಾತ್ರಿ ಕೂತ ಮೇಲೆ.

2019ರ ವೇತನ ಸಂಹಿತೆ ಮತ್ತು ಉಳಿದ ಮೂರು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಾಗಿವೆ. ಪಟ್ಟಿಯ ಪದ್ಧತಿ ಹೋಗಿ ಕನಿಷ್ಠ ವೇತನ ಎಲ್ಲ ಉದ್ಯೋಗಕ್ಕೂ ಅನ್ವಯಿಸುತ್ತದೆ. ಎಪ್ಪತ್ತು ವರ್ಷ ಕೇಳಿದ್ದು ಇದನ್ನೇ; ದೊಡ್ಡ ಗಳಿಕೆ. ಕೇಂದ್ರ ಗೊತ್ತುಮಾಡುವ ತಳಮಟ್ಟದ ವೇತನಕ್ಕಿಂತ ಕೆಳಗೆ ಯಾವ ರಾಜ್ಯವೂ ಇಳಿಯುವಂತಿಲ್ಲ. ಆ ತಳಮಟ್ಟ ಎಷ್ಟು ಎಂಬಲ್ಲಿ ಜಗಳ. ಅನೂಪ್ ಸತ್ಪತಿ ಸಮಿತಿ 2019ರಲ್ಲಿ ದಿನಕ್ಕೆ 375 ರೂಪಾಯಿ ಎಂದರೆ, ಕೇಂದ್ರ ಅದೇ ವರ್ಷ ಹೇಳಿದ್ದು 178. ಇತ್ತ ಕರ್ನಾಟಕ 2025ರ ಏಪ್ರಿಲ್‌ನ ಕರಡಿನಲ್ಲಿ, ರೆಪ್ಟಾಕೋಸ್ ಲೆಕ್ಕ ಹಿಡಿದು, ಕೆಳಗಿನ ದರವನ್ನೇ ತಿಂಗಳಿಗೆ 19 ಸಾವಿರ ದಾಟಿಸಿತು. ಉದ್ಯಮ ಸಂಘಟನೆಗಳು ಆಕ್ಷೇಪ ಎತ್ತಿದವು, ಕಾರ್ಮಿಕ ಸಂಘಗಳು ಬೇಗ ಜಾರಿ ಮಾಡಿ ಎಂದವು.

ನನ್ನ ಆತಂಕ ಸಂಹಿತೆಗಳ ಇನ್ನೊಂದು ಮಗ್ಗುಲಿನದು. ಕಾರ್ಖಾನೆಗೆ ಬರುವ ಇನ್‌ಸ್ಪೆಕ್ಟರ್ ಈಗ ‘ಸುಗಮಕಾರ’ನೂ ಹೌದು. ಮಾಲೀಕರೊಂದಿಗೆ ಏಕೈಕ ಪ್ರತಿನಿಧಿಯಾಗಿ ಮಾತಾಡಲು ಸಂಘಕ್ಕೆ ಶೇ 51 ನೌಕರರ ಬೆಂಬಲ ಬೇಕು. ಮುಷ್ಕರಕ್ಕೆ ಮುನ್ನ 14 ದಿನದ ನೋಟಿಸು ಎಲ್ಲೆಡೆಯೂ ಕಡ್ಡಾಯ. ಕೂಲಿಯನ್ನು ಎಲ್ಲರಿಗೂ ಹಿಗ್ಗಿಸಿದ ಕೈಯೇ ಅದನ್ನು ಕೊಡಿಸುವವರ ಬಲವನ್ನು ಕುಗ್ಗಿಸಿದೆ. ಆದರೆ ಅದೇ ವೇತನ ಸಂಹಿತೆಯಲ್ಲಿ ಇನ್ನೊಂದು ಸಾಲಿದೆ: ವೇತನ ಸಲಹಾ ಮಂಡಳಿಯ ಸದಸ್ಯರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಆ ಕುರ್ಚಿಗಳಲ್ಲಿ ಪೀಣ್ಯದ ಟೈಲರು, ಬಂಟ್ವಾಳದ ಬೀಡಿ ಕಟ್ಟುವವರು ಕೂರಬೇಕು. ಸಂಘಗಳು ಈಗಲೇ ಹೆಸರು ಕೊಟ್ಟು ಕೇಳಬೇಕಾದ್ದು ಅದನ್ನು.